ಕಲ್ಲತ್ತಿಯ ಹಸಿ ಬೇರು

ಆ ಬೀದಿಯ ಮನೆಗಳಿಗೆ ಮನುಷ್ಯರು ಕಟ್ಟಿದ ಗೋಡೆ ಮೂರೇ. ನಾಲ್ಕನೆಯದು ಬಂಡೆ. ಊರಿಗಿಂತ ಮುಂಚಿನಿಂದ ಅಲ್ಲೇ ಕೂತಿದ್ದ ದೊಡ್ಡ ಬಂಡೆಗೆ ಬೆನ್ನು ಕೊಟ್ಟು ಯಾರೋ ಪುಣ್ಯಾತ್ಮ ಮೊದಲ ಮನೆ ಕಟ್ಟಿದ. ಹಿಂದಿನ ಗೋಡೆಯ ಕೆಲಸ ಉಳಿಯಿತಲ್ಲ ಎಂದು ಪಕ್ಕದವನೂ ಹಾಗೇ ಮಾಡಿದ. ಸಾಲು ಬೆಳೆಯುತ್ತಾ ಹೋಯಿತು. ಬೇಸಿಗೆಯಲ್ಲಿ ಆ ಬಂಡೆಗೋಡೆ ತಣ್ಣಗಿರುತ್ತದೆ, ಮಕ್ಕಳು ಬೆನ್ನು ಹಚ್ಚಿ ಮಲಗುತ್ತವೆ. ಮಳೆಗಾಲದಲ್ಲಿ ಬೆವರುತ್ತದೆ, ಆಗ ಅದೇ ಮಕ್ಕಳ ಅಮ್ಮಂದಿರು ಅದಕ್ಕೆ ಬೈಯುತ್ತಾರೆ.

ಬಂಡೆಯ ನೆತ್ತಿಯ ಮೇಲೆ, ಬೀದಿಯಲ್ಲಿ ನಿಂತವರ ಕಣ್ಣಿಗೆ ಬೀಳದಂತೆ, ಕಲ್ಲತ್ತಿಯ ಪೊದೆಗಳಿವೆ. ಕಲ್ಲತ್ತಿ ಎಂದರೆ ತೋಟದ ಅಂಜೂರದ ಬಡ ನೆಂಟ. ಅದಕ್ಕೆ ಮಣ್ಣು ಬೇಡ, ಗೊಬ್ಬರ ಬೇಡ, ಯಾರ ದಯೆಯೂ ಬೇಡ. ಕೂದಲೆಳೆಯಷ್ಟು ಬಿರುಕು ಸಿಕ್ಕರೆ ಸಾಕು. ಮೇಲೆ ನೋಡಿದರೆ ಸೊಂಟದೆತ್ತರದ ಪೊದೆ, ಕಡಲೆಗಿಂತ ಒಂಚೂರು ದಪ್ಪನೆಯ ಹಣ್ಣು, ಹಕ್ಕಿಗಳಿಗೆ ಮಾತ್ರ ಹಿಡಿಸುವ ರುಚಿ. ಅದರ ನಿಜವಾದ ಸಂಸಾರವೆಲ್ಲ ಕೆಳಗೆ. ಬೇರು ಬಂಡೆಯ ಮೈಗೆ ಅಂಟಿಕೊಂಡು, ಬಿರುಕಿನಲ್ಲಿ ನುಸುಳಿ, ತೇವ ಹುಡುಕುತ್ತಾ ಮನೆಯೊಳಗೇ ಇಳಿದುಬಿಡುತ್ತದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಕಿರುಬೆರಳಿನಷ್ಟು ಬೇರು, ಕರೆಯದೆ ಬಂದ ನೆಂಟನ ಹಾಗೆ.

ಬೇರು ಇಳಿದರೆ ಏನು ಮಾಡಬೇಕೆಂಬುದು ಆ ಬೀದಿಯ ಗಾರೆಯವರಿಗೆಲ್ಲ ಗೊತ್ತು. ಮೊದಲು ಬಂಡೆ ಹತ್ತಿ, ಆ ಬೇರು ಪೊದೆಯಿಂದ ಹೊರಡುವ ಜಾಗದಲ್ಲೇ ಕಡಿಯಬೇಕು. ಕಡಿದ ಬಾಯಿಗೆ ಉಪ್ಪು ಮತ್ತು ಸುಟ್ಟ ಸುಣ್ಣ ತುಂಬಬೇಕು. ಆಮೇಲೆ ಒಂದು ಬೇಸಿಗೆ ಸುಮ್ಮನೆ ಕಾಯಬೇಕು. ನಡುನಡುವೆ ಬಂದು ಮನೆಯೊಳಗಿನ ಬೇರಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಹಸಿ ಬೇರು ‘ದಪ್’ ಅನ್ನುತ್ತದೆ. ಸತ್ತ ಬೇರು ‘ಟಕ್’ ಅನ್ನುತ್ತದೆ. ‘ಟಕ್’ ಅನ್ನುವ ತನಕ ಅದರ ಮೇಲೆ ಒಂದು ಕರಣೆ ಗಾರೆಯನ್ನೂ ಹಾಕಬಾರದು. ಹಸಿ ಬೇರನ್ನು ಮುಚ್ಚಿದರೆ ಅದು ಸಾಯುವುದಿಲ್ಲ, ದಾರಿ ಬದಲಿಸುತ್ತದೆ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಕನ್ನಡಿ ಮೇಸ್ತ್ರಿ. ಅವನು ಪ್ಲಾಸ್ಟರ್ ಮಾಡಿದ ಗೋಡೆಯಲ್ಲಿ ಮುಖ ಕಾಣುತ್ತದೆಂದು ಯಾರೋ ಹೊಗಳಿದ್ದೇ ಹೆಸರಾಗಿ ಉಳಿದಿತ್ತು. ಮುಖ ಕಾಣುತ್ತಿರಲಿಲ್ಲ, ಆದರೆ ಕೈ ಆಡಿಸಿದರೆ ಜಾರುತ್ತಿತ್ತು. ಮೇಸ್ತ್ರಿಗೆ ಆ ಹೆಸರೆಂದರೆ ಜೀವ. ಯಾರಾದರೂ ಬರೀ “ಮೇಸ್ತ್ರಿ” ಎಂದು ಕರೆದರೆ ಕಿವಿ ಕೇಳದವನಂತೆ ಕೂರುತ್ತಿದ್ದ.

ಆ ಬೀದಿಯಲ್ಲೇ ಅವನ ಅಕ್ಕನ ಹೊಲಿಗೆ ಅಂಗಡಿ. ಭಾವ ತೀರಿಕೊಂಡ ಮೇಲೆ ಎರಡು ಕೋಣೆ ಅವಳ ಪಾಲಿಗೆ ಬಂದಿದ್ದವು. ಒಂದರಲ್ಲಿ ಅವಳ ವಾಸ, ಅವಳ ಹೊಲಿಗೆ ಮಿಷನ್ನು. ಪಕ್ಕದ್ದನ್ನು ರಟ್ಟಣ್ಣನಿಗೆ ಬಾಡಿಗೆಗೆ ಕೊಟ್ಟಿದ್ದಳು. ರಟ್ಟಣ್ಣ ಪುಸ್ತಕಗಳಿಗೆ ಬೈಂಡು ಹಾಕುವವನು. ದಿನವಿಡೀ ರಟ್ಟು, ಅಂಟು, ದಾರ. ಮೇಸ್ತ್ರಿಯೂ ಅವನೂ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಫೇಲಾದವರು. ಚಿಕ್ಕಂದಿನಲ್ಲಿ ಇಬ್ಬರೂ ಹಲ್ಲಿಗಳ ಹಾಗೆ ಆ ಬಂಡೆ ಹತ್ತುತ್ತಿದ್ದರು. ಅಕ್ಕ ಕೆಳಗೆ ನಿಂತು, “ಇಳೀರೋ ಕತ್ತೆಗಳಾ, ಬಿದ್ದು ಸತ್ತರೆ ನಾನು ಅಮ್ಮನಿಗೆ ಏನು ಹೇಳಲಿ?” ಎಂದು ಕೂಗುತ್ತಿದ್ದಳು. ಕಲ್ಲತ್ತಿಯ ಹಣ್ಣನ್ನು ಅವಳ ತಲೆಯ ಮೇಲೆಯೇ ಎಸೆಯುತ್ತಿದ್ದರು.

ಹೋದ ಬೇಸಿಗೆಯ ಶುರುವಿನಲ್ಲಿ ಅಕ್ಕನ ಅಂಗಡಿಯೊಳಗೆ ಬೇರು ಇಳಿಯಿತು. ಬಂಡೆಯೂ, ಎರಡು ಕೋಣೆಗಳ ನಡುವಿನ ಗೋಡೆಯೂ ಸೇರುವ ಮೂಲೆಯಲ್ಲಿ.

“ನೋಡೋ, ನಿನ್ನ ಹಳೇ ಸ್ನೇಹಿತ ಬಂದಿದ್ದಾನೆ,” ಎಂದಳು ಅಕ್ಕ, ಕತ್ತರಿಯಿಂದ ತೋರಿಸುತ್ತಾ. “ಮೇಲೆ ಹತ್ತಿ ಕಡಿದುಬಿಡು. ಶಾಲೆ ಶುರುವಾಗೋದ್ರೊಳಗೆ ಗೋಡೆ ಆಗಬೇಕು. ಯೂನಿಫಾರಂ ಬಟ್ಟೆ ರಾಶಿ ಬೀಳುತ್ತೆ, ಈ ಮೂಲೆಯ ತೇವಕ್ಕೆ ಬಿಳೀ ಅಂಗಿಯೆಲ್ಲ ಮಚ್ಚೆ ಆಗುತ್ತೆ.”

“ನಾಳೇನೇ ಕಡೀತೀನಿ ಅಕ್ಕಾ. ಅದೇನು ಮಹಾ!”

ಬಾಗಿಲಲ್ಲಿ ನಿಂತಿದ್ದ ರಟ್ಟಣ್ಣ ಮೇಸ್ತ್ರಿಯ ಹೊಟ್ಟೆಯನ್ನು ಒಮ್ಮೆ ನೋಡಿದ. “ಬೇಕಾದ್ರೆ ನಾನು ಹತ್ತುತೀನಿ. ನಾನಿನ್ನೂ ತೆಳ್ಳಗಿದ್ದೀನಿ.”

“ನೀನು ಹೋಗಿ ರಟ್ಟಿಗೆ ಅಂಟು ಹಚ್ಚು. ಬಂಡೆ ಹತ್ತೋದು ಗಂಡಸರ ಕೆಲಸ.”

“ಓಹೋ! ಹಾಗಾದ್ರೆ ಆ ಗಂಡಸನ್ನ ಕರ್ಕೊಂಡು ಬಾ, ನೋಡೋಣ,” ಎಂದ ರಟ್ಟಣ್ಣ. ಮೂವರೂ ನಕ್ಕರು.

ಮಾರನೆಯ ದಿನ ಮಧ್ಯಾಹ್ನ, ಬೀದಿಯವರೆಲ್ಲ ಊಟ ಮಾಡಿ ಕಣ್ಣು ಮುಚ್ಚಿದ್ದ ಹೊತ್ತಿನಲ್ಲಿ, ಮೇಸ್ತ್ರಿ ಕೈಗರಗಸವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆ ಹತ್ತಿದ. ಹತ್ತಿದ ಎಂದರೆ ಪೂರ್ತಿ ನಿಜವಲ್ಲ. ಮನೆಯ ಮಾಡಿನ ಮಟ್ಟ ದಾಟಿದ್ದ, ಅಷ್ಟೇ. ಚಿಕ್ಕಂದಿನಲ್ಲಿ ಕಾಲಿಡುತ್ತಿದ್ದ ಗುಳಿಗಳೆಲ್ಲ ಅಲ್ಲಲ್ಲೇ ಇದ್ದವು, ಕಾಲೇ ಆ ಕಾಲಲ್ಲ. ಮಂಡಿ ನಡುಗಿತು. ಹೊಟ್ಟೆ ಬಂಡೆಗೆ ಒತ್ತಿ ಅವನನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಮೇಲೆ ನೋಡಿದರೆ ಆಕಾಶ, ಕೆಳಗೆ ನೋಡಿದರೆ ಕಣ್ಣು ಕತ್ತಲೆ. ಬಂಡೆಯನ್ನು ತಬ್ಬಿಕೊಂಡು, ಮೇಲೂ ಹೋಗಲಾರದೆ ಕೆಳಗೂ ಬರಲಾರದೆ, ತುಂಬಾ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ಕೂತುಕೊಂಡು ಜಾರಿದ. ಪ್ಯಾಂಟಿನ ಹಿಂಭಾಗ ಚರ್‍ರೆಂದಿತು. ಯಾರೂ ನೋಡಲಿಲ್ಲ.

ಯಾರಾದರೂ ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕು ಜನ ನಕ್ಕು, ರಟ್ಟಣ್ಣ ಒಂದು ವಾರ ಆಡಿಕೊಂಡು, ಆಮೇಲೆ ಅವನೇ ಹತ್ತಿ ಕಡಿದು ಬರುತ್ತಿದ್ದ. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾರೂ ನೋಡಲಿಲ್ಲ, ಹಾಗಾಗಿ ಸಂಜೆ ಅಕ್ಕ, “ಕಡಿದ್ಯೇನೋ?” ಎಂದು ಕೇಳಿದಾಗ ಮೇಸ್ತ್ರಿಯ ಬಾಯಿ ಅವನನ್ನು ಕೇಳದೆಯೇ, “ಆಯ್ತಲ್ಲಾ,” ಎಂದುಬಿಟ್ಟಿತು.

ಹರಿದ ಪ್ಯಾಂಟನ್ನು ಹೊಲಿದುಕೊಟ್ಟವಳೂ ಅಕ್ಕನೇ. “ಮೊಳೆ ತಾಗಿತು,” ಎಂದಿದ್ದ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹರಿದ ಜಾಗವನ್ನು ಬೆಳಕಿಗೆ ಹಿಡಿದಳು. “ಯಾವ ಮೊಳೆಯೋ ಇದು, ಇಷ್ಟಗಲ? ಕುರ್ಚಿ ಸಮೇತ ತಾಗಿತಾ?” ಆದರೂ ಒಳಗಡೆಯಿಂದ ಒಳ್ಳೆ ಬಟ್ಟೆ ಕೊಟ್ಟು ತೇಪೆ ಹಾಕಿದಳು. ಹೊಲಿಗೆ ಹೊರಗೆ ಕಾಣುತ್ತಲೇ ಇರಲಿಲ್ಲ.

ಬೇಸಿಗೆಯುದ್ದಕ್ಕೂ ಅವನು ನಾಳೆ ಹತ್ತುತ್ತೇನೆ, ನಾಡಿದ್ದು ಹತ್ತುತ್ತೇನೆ ಎಂದುಕೊಂಡ. ಬೇರೆ ಬೀದಿಯಿಂದ ಕೂಲಿಯವನನ್ನು ಗುಟ್ಟಾಗಿ ಕರೆತರೋಣ ಎಂದುಕೊಂಡ. ಆ ಬೀದಿಯಲ್ಲಿ ಗುಟ್ಟೆಂಬುದು ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತು ಉಳಿಯುವುದಿಲ್ಲ. ರಟ್ಟಣ್ಣನಿಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಅವನ ಕೋಣೆಗೆ ಹೋಗಿ, ಕೂತು, ಬೀಡಿ ಸೇದಿ, ಬೇರೇನೋ ಮಾತಾಡಿ ಎದ್ದು ಬಂದ. ಶಾಲೆ ಶುರುವಾಗುವ ಕಾಲ ಹತ್ತಿರ ಬಂತು. ಅಕ್ಕ ಬಟ್ಟೆಯ ರಾಶಿಯನ್ನೆಲ್ಲ ತೇವ ತಾಗದಂತೆ ಮಂಚದ ಮೇಲೆ ಒಟ್ಟಿ, ತಾನು ನೆಲದಲ್ಲಿ ಮಲಗುತ್ತಿದ್ದಳು.

ಗೋಡೆ ಮಾಡುವ ದಿನ, ಕೆಲಸಕ್ಕೆ ಜೊತೆಗೆ ಬರುತ್ತಿದ್ದ ಹೆಂಡತಿ ಹೊರಗೆ ಬಾಂಡ್ಲಿಯಲ್ಲಿ ಗಾರೆ ಕಲಸುತ್ತಿದ್ದಾಗ ಮೇಸ್ತ್ರಿ ಮೂಲೆಯಲ್ಲಿ ಮಂಡಿಯೂರಿ ಬೇರಿಗೆ ತಟ್ಟಿದ. ದಪ್.

“ಏನನ್ನುತ್ತೋ?” ಅಕ್ಕ ಕೇಳಿದಳು.

“ಸತ್ತಿದೆ,” ಎಂದ.

ಕಾಣುವಷ್ಟು ಬೇರನ್ನು ಕತ್ತರಿಸಿ ತೆಗೆದ. ಕತ್ತರಿಸಿದಲ್ಲಿ ಬಿಳಿ ಹಾಲು ಒಸರಿತು. ಹೆಂಡತಿ ಬಾಂಡ್ಲಿ ಎತ್ತಿಕೊಂಡು ಒಳಗೆ ಬರುವ ಮೊದಲು ಅದನ್ನು ಅಂಗೈಯಿಂದ ಒರೆಸಿ, ಪ್ಯಾಂಟಿಗೆ ಉಜ್ಜಿಕೊಂಡ. ಆಮೇಲೆ ಗೋಡೆ ಮಾಡಿದ. ಎಂಥ ಗೋಡೆ! ಹಾಗೆ ಅವನು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಕರಣೆಯನ್ನು ಎಳೆದೆಳೆದು, ನೀರು ಚಿಮುಕಿಸಿ, ಮತ್ತೆ ಎಳೆದು, ಮೂಲೆಯನ್ನು ಮಗುವಿನ ಕೆನ್ನೆಯ ಹಾಗೆ ತಿದ್ದಿದ. ನೋಡಲು ಬಂದವರೆಲ್ಲ ಮುಟ್ಟಿದರು. ಅಕ್ಕನಂತೂ ಗಿರಾಕಿಗಳಿಗೆಲ್ಲ, “ನನ್ನ ತಮ್ಮ ಮಾಡಿದ್ದು,” ಎಂದು ಹೇಳಿ, ಅವರ ಅಳತೆ ತೆಗೆದುಕೊಳ್ಳುವುದನ್ನೇ ಮರೆಯುತ್ತಿದ್ದಳು.

ಅದಾದ ಮೇಲೆ ಮಳೆ ಬಂತು, ಹೋಯಿತು. ರಟ್ಟಣ್ಣ ಕಾಗದ ಕತ್ತರಿಸುವ ಒಂದು ಹಳೆಯ ಕಟಿಂಗ್ ಮಿಷನ್ ಕೊಂಡು ತಂದ. ಎರಕದ ಕಬ್ಬಿಣದ ಭಾರೀ ಆಸಾಮಿ. ಹಿಡಿ ಎಳೆದರೆ ಅಲಗು ಧಡ್ ಎಂದು ಬಿದ್ದು ಒಂದು ಕಟ್ಟು ಕಾಗದವನ್ನು ಬೆಣ್ಣೆಯಂತೆ ಕತ್ತರಿಸುತ್ತಿತ್ತು. ರಟ್ಟಣ್ಣ ಅದಕ್ಕೆ ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದ. “ಮದುವೆಯಾಗಿದ್ರೆ ಹೆಂಡತೀನೂ ಇಷ್ಟು ಚೆನ್ನಾಗಿ ನೋಡ್ಕೋತಿರಲಿಲ್ಲ ನೀನು,” ಎಂದು ಅಕ್ಕ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು. “ಇದು ಎದುರುತ್ತರ ಕೊಡಲ್ಲ ಅಕ್ಕಾ,” ಎಂದು ಅವನೂ ಆಚೆಯಿಂದಲೇ ಕೂಗುತ್ತಿದ್ದ.

ಅದೇ ನಡುಗೋಡೆಯಲ್ಲಿ ಬಿರುಕು ಬಿಟ್ಟಿತು.

ಮೊದಲು ಕಂಡದ್ದು ಅಕ್ಕನ ಕಡೆ, ಬಂಡೆಯ ಮೂಲೆಯಿಂದ ಓರೆಯಾಗಿ, ದಾರದೆಳೆಯಷ್ಟು. ಆಮೇಲೆ ಕತ್ತರಿಯ ತುದಿ ಹೋಗುವಷ್ಟು. ಅಕ್ಕ ಬಿರುಕನ್ನು ನೋಡಿದಳು, ಆಚೆಯಿಂದ ಬರುತ್ತಿದ್ದ ಧಡ್ ಧಡ್ ಕೇಳಿಸಿಕೊಂಡಳು, ಕೂಡಿಸಿದಳು, ಉತ್ತರ ಬಂತು. ಬೀದಿಯವರಿಗೂ ಅದೇ ಉತ್ತರ ಬಂತು. ಒಂದು ಸಂಜೆ ಅಂಗಡಿಯ ಮುಂದೆ ಜನ ಸೇರಿದರು. ಅಕ್ಕ ತಮ್ಮನನ್ನು ಕರೆಸಿದಳು.

“ನೀನು ಹೇಳು. ಇದು ನಿನ್ನ ಕೆಲಸ, ನಿನಗಿಂತ ಬೇರೆ ಯಾರಿಗೆ ಗೊತ್ತು? ಆ ಮಿಷನ್ನಿನ ಹೊಡೆತಕ್ಕೇ ತಾನೇ ಬಿಟ್ಟಿದ್ದು?”

ಬಿರುಕು ಎಲ್ಲಿಂದ ಹೊರಟಿತ್ತೆಂದು ಮೇಸ್ತ್ರಿಗೆ ನೋಡಿದೊಡನೆ ಗೊತ್ತಾಗಿತ್ತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ರಟ್ಟಣ್ಣನೂ, ಕೈಯ ಅಂಟನ್ನು ಬಟ್ಟೆಗೆ ಒರೆಸುತ್ತಾ. ಮೇಸ್ತ್ರಿ ಗೋಡೆಗೆ ಬೆರಳಿನಿಂದ ತಟ್ಟಿದ. ತಲೆ ಓರೆ ಮಾಡಿದ. ಕೆಮ್ಮಿದ.

“ಅದುರಿಕೆಗೆ ಬಿಟ್ಟಿರಬಹುದು,” ಎಂದ.

‘ಬಿಟ್ಟಿದೆ’ ಅನ್ನಲಿಲ್ಲ, ‘ಬಿಟ್ಟಿರಬಹುದು’ ಅಂದೆ ಎಂದು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡ. ಆದರೆ ಕನ್ನಡಿ ಮೇಸ್ತ್ರಿ ಗೋಡೆಯ ಬಗ್ಗೆ ಆಡಿದ ಮಾತು ಆ ಬೀದಿಯಲ್ಲಿ ತೀರ್ಪು.

ರಟ್ಟಣ್ಣ ವಾದ ಮಾಡಲಿಲ್ಲ. ಮೇಸ್ತ್ರಿಯ ಮುಖವನ್ನೇ ಒಂದು ಗಳಿಗೆ ನೋಡಿ, “ಅವನು ಅಂದ ಮೇಲೆ ಮುಗೀತಲ್ಲ,” ಎಂದು ಒಳಗೆ ಹೋದ. ಮಾರನೆಯ ದಿನ ಅಕ್ಕ ಅವನ ಬಾಗಿಲಿಗೆ ಹೋಗಿ ನಿಂತಳು. “ನಿಮ್ಮ ಮಿಷನ್ನಿಗೆ ಬೇರೆ ಜಾಗ ನೋಡ್ಕೊಳ್ಳಿ,” ಎಂದಳು. ಹುಟ್ಟಿದಾಗಿನಿಂದ ‘ಏನೋ’ ‘ಬಾರೋ’ ಎಂದು ಕರೆಯುತ್ತಿದ್ದವನಿಗೆ ಮೊದಲ ಬಾರಿಗೆ ‘ನೀವು’ ಅಂದಿದ್ದಳು. ಅದನ್ನು ಕೇಳಿದ ರಟ್ಟಣ್ಣನ ಮುಖ, ಬೈದಿದ್ದರೂ ಹಾಗೆ ಆಗುತ್ತಿರಲಿಲ್ಲವಂತೆ. ಹಾಗೆಂದು ಹೆಂಡತಿ ಬಂದು ಹೇಳಿದಳು. ಮೇಸ್ತ್ರಿ ತಟ್ಟೆಯ ಮುಂದೆ ಕೂತಿದ್ದ.

“ಯಾಕೆ, ಉಣ್ಣಲ್ವಾ?”

“ಹಸಿವಿಲ್ಲ.”

“ನಿಮಗೆ ಹಸಿವಿಲ್ಲ! ಯಾರನ್ನಾದ್ರೂ ಕರೆಸಿ ತೋರಿಸಬೇಕು.” ಅವಳು ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು. “ನಿನ್ನೆಯಿಂದ ನೋಡ್ತಿದ್ದೀನಿ, ಮನೇಲಿರೋ ಗೋಡೆಗೆಲ್ಲ ಬೆರಳಲ್ಲಿ ತಟ್ಟಿಕೊಂಡು ಓಡಾಡ್ತೀರಿ. ಏನು ಹುಡುಕ್ತಿದ್ದೀರಿ?”

“ಏನಿಲ್ಲ.”

“ಆ ಬೇರು ಕಡಿದಿದ್ರಿ ತಾನೇ?”

“ಕಡಿದಿದ್ದೆ ಅಂದೆನಲ್ಲ!” ಎಂದು ಸಿಡುಕಿದ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಈ ‘ಏನೋ’ಗಳಿಗೆಲ್ಲ ಆಗ ಅವನ ಬಳಿ ಬರವಿರಲಿಲ್ಲ.

ರಟ್ಟಣ್ಣನಿಗೆ ಊರಿನ ಆ ತುದಿಯಲ್ಲಿ ಒಂದು ಜಾಗ ಸಿಕ್ಕಿತು. ಹಳೆಯ ಉಗ್ರಾಣದ ಹಿಂಭಾಗ; ಕಿಟಕಿಯಿಲ್ಲ, ಅಂಟು ಒಣಗಲು ಗಾಳಿಯಿಲ್ಲ. ಅಲ್ಲಿಗೆ ಯಾರೂ ಪುಸ್ತಕ ಹೊತ್ತುಕೊಂಡು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ರಟ್ಟಣ್ಣನಿಗೂ. ಹೊರಡುವ ದಿನ ಬೆಳಿಗ್ಗೆ ಅವನು ಮೇಸ್ತ್ರಿಗೆ ಹೇಳಿ ಕಳಿಸಿದ: ‘ಮಿಷನ್ನಿನ ಬೋಲ್ಟು ಕಿತ್ತ ಕಡೆ ನೆಲದಲ್ಲಿ ತೂತು ಉಳಿದಿದೆ. ಬಂದು ಮುಚ್ಚಿಕೊಡು. ಹೋಗುವಾಗ ನೆಲ ಹಾಳು ಮಾಡಿ ಹೋದ ಅನ್ನಿಸಿಕೊಳ್ಳೋದು ಬೇಡ.’

ಮೇಸ್ತ್ರಿ ಕರಣೆ, ಒಂದಿಷ್ಟು ಸಿಮೆಂಟು, ನೀರಿನ ಡಬ್ಬ ಹಿಡಿದುಕೊಂಡು ಹೋದ. ಕಾಲು ಒಂದೊಂದೂ ಮಣಭಾರ. ಮಿಷನ್ ಆಗಲೇ ಬೀದಿಯಲ್ಲಿ ಕೈಗಾಡಿಯ ಮೇಲಿತ್ತು; ಹಮಾಲರು ಹಗ್ಗ ಬಿಗಿಯುತ್ತಿದ್ದರು. ಕೋಣೆ ಖಾಲಿ. ರಟ್ಟಿನ ಚೂರುಗಳು, ಅಂಟಿನ ವಾಸನೆ. ಅವನು ಮಂಡಿಯೂರಿ ತೂತುಗಳನ್ನು ತುಂಬತೊಡಗಿದ. ರಟ್ಟಣ್ಣ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ. ಮೇಸ್ತ್ರಿಗೆ ಕೊಡಲಿಲ್ಲ.

ಕೊನೆಯ ತೂತು ನಡುಗೋಡೆಯ ಬುಡದಲ್ಲಿತ್ತು. ಅದರ ಪಕ್ಕದಲ್ಲೇ, ಗೋಡೆಗೆ ತಾಗಿ, ಮೊದಲು ಪುಸ್ತಕದ ಕಪಾಟು ನಿಂತಿತ್ತು. ಮೇಸ್ತ್ರಿ ಕರಣೆ ಎತ್ತಿದವನು ಹಾಗೇ ನಿಂತ.

ಕಪಾಟು ಮರೆಮಾಡಿದ್ದ ಜಾಗದಲ್ಲಿ, ಈ ಕಡೆಗೂ ತೂರಿದ್ದ ಬಿರುಕಿನ ಕೆಳತುದಿಯಿಂದ ಒಂದು ಚಿಗುರು ಹೊರಗೆ ಬಂದಿತ್ತು. ಬಿಸಿಲು ಕಾಣದೆ ಬಿಳಿಚಿದ ಕಡ್ಡಿ. ಅದರ ತುದಿಯಲ್ಲಿ ಉಗುರಗಲದ ಎರಡು ಎಲೆ, ಎಳೆ ಹಸಿರು, ಬಾಗಿಲ ಬೆಳಕಿನ ಕಡೆಗೆ ಕತ್ತು ತಿರುಗಿಸಿಕೊಂಡು. ಕಲ್ಲತ್ತಿ.

“ಅದು ಮಳೆಗಾಲದಿಂದಲೂ ಇದೆ,” ಎಂದ ರಟ್ಟಣ್ಣ, ಹಿಂದಿನಿಂದ.

ಮೇಸ್ತ್ರಿಗೆ ತಿರುಗಲು ಧೈರ್ಯವಾಗಲಿಲ್ಲ. “ನಿನಗೆ ಗೊತ್ತಿತ್ತಾ?”

“ಮಿಷನ್ನು ತರೋ ಮುಂಚೇನೇ ಗೊತ್ತಿತ್ತು.”

“ಮತ್ತೆ ಆವತ್ತು… ಎಲ್ಲರ ಎದುರಿಗೆ ಯಾಕೋ ಹೇಳಲಿಲ್ಲ?”

“ನಾನ್ಯಾಕೆ ಹೇಳಲಿ?” ರಟ್ಟಣ್ಣನ ದನಿ ಮೇಲೇರಿತು. “ಗೋಡೆ ನಿಂದು. ಮಾತು ನಿಂದು. ಅಕ್ಕ ನಿಂದು. ನೀನು ಬಾಯಿ ಬಿಡ್ತೀಯಾ ಅಂತ ಕಾದೆ. ಇವತ್ತು ಬಿಡ್ತಾನೆ, ನಾಳೆ ಬಿಡ್ತಾನೆ ಅಂತ. ‘ಅದುರಿಕೆಗೆ ಬಿಟ್ಟಿರಬಹುದು’! ಲೋ, ಹತ್ತೋಕೆ ಆಗಲ್ಲ ಅಂತ ಒಂದು ಮಾತು ಅಂದಿದ್ರೆ ನಿನ್ನ ಮೀಸೆ ಉದುರಿ ಹೋಗ್ತಿತ್ತಾ? ನಾನೇ ಹತ್ತುತೀನಿ ಅಂದಿದ್ದೆ ಕಣೋ. ಅವತ್ತೇ ಅಂದಿದ್ದೆ.”

ಮೇಸ್ತ್ರಿ ಡಬ್ಬದ ನೀರನ್ನು ಸಿಮೆಂಟಿಗೆ ಚಿಮುಕಿಸಿದ.

“ಆ ತೂತು ಮುಚ್ಚು. ಗಾಡಿ ಹೊರಡುತ್ತೆ,” ಎಂದು ರಟ್ಟಣ್ಣ ಎದ್ದು ಹೊರಗೆ ಹೋದ.

ಮೇಸ್ತ್ರಿ ತೂತು ಮುಚ್ಚಿದ. ಅಭ್ಯಾಸಬಲದಿಂದ ಕರಣೆಯನ್ನು ಎಳೆದು ಅದನ್ನೂ ನುಣುಪು ಮಾಡಿದ. ಆ ನುಣುಪನ್ನು ನೋಡಿ ಅವನಿಗೆ ತನ್ನ ಕೈಯ ಮೇಲೇ ಹೇಸಿಗೆಯಾಯಿತು. ಏನು ಬೇಕಾದರೂ ಮುಚ್ಚುತ್ತದೆ ಈ ಕೈ. ಕರಣೆಯನ್ನು ಅಲ್ಲೇ ಬಿಸಾಕಿ ಎದ್ದು, ಗಾಡಿಯ ಪಕ್ಕ ಬಿದ್ದಿದ್ದ ಹಮಾಲರ ಸುತ್ತಿಗೆ ಎತ್ತಿಕೊಂಡ. ಅವರು “ಏ ಮೇಸ್ತ್ರಿ, ಅದು ನಮ್ಮದು!” ಎಂದರು. ಕೇಳಿಸಲಿಲ್ಲ.

ಅಕ್ಕನ ಅಂಗಡಿಯಲ್ಲಿ ಒಬ್ಬ ಹೆಂಗಸು ರವಿಕೆಯ ಅಳತೆ ಕೊಡುತ್ತಾ ಕೈಯೆತ್ತಿ ನಿಂತಿದ್ದಳು. ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಮೇಸ್ತ್ರಿ ಇಬ್ಬರ ನಡುವಿನಿಂದ ನುಗ್ಗಿ ಮೂಲೆಗೆ ಹೋಗಿ, ತನ್ನ ಜೀವಮಾನದ ಅತಿ ಚೆಂದದ ಗೋಡೆಗೆ ಮೊದಲ ಏಟು ಹಾಕಿದ.

ಕೈಯೆತ್ತಿದ್ದ ಹೆಂಗಸು ಕೈ ಇಳಿಸುವುದನ್ನು ಮರೆತು ಕಿರುಚಿದಳು. ಅಕ್ಕ ಸೂಜಿಗಳನ್ನು ಉಗುಳಿದಳು. “ಏಯ್! ತಲೆ ಕೆಟ್ಟಿದೆಯೇನೋ ನಿನಗೆ? ಬಟ್ಟೆ! ಬಟ್ಟೆ ಮೇಲೆಲ್ಲ ಧೂಳು! ನಿಲ್ಲಿಸೋ!”

ಅವನು ನಿಲ್ಲಿಸಲಿಲ್ಲ. ಪ್ಲಾಸ್ಟರ್ ದೊಡ್ಡ ದೊಡ್ಡ ಹಕ್ಕಳೆಗಳಾಗಿ ಬಿತ್ತು. ಬಿಳಿ ಧೂಳು ಎದ್ದು ಮಡಿಸಿಟ್ಟ ಅಂಗಿಗಳ ಮೇಲೆ ಕೂತಿತು. ಬೀದಿಯಿಂದ ಜನ ಬಂದು ಬಾಗಿಲಲ್ಲಿ ಕಿಕ್ಕಿರಿದರು. ಧೂಳು ಇಳಿದಾಗ ಎಲ್ಲರಿಗೂ ಕಂಡಿತು.

ಕಿರುಬೆರಳಿನಷ್ಟಿದ್ದದ್ದು ಈಗ ಮುಂಗೈಯಷ್ಟಾಗಿತ್ತು. ಹೊರಗೆ ಬರಲು ದಾರಿಯಿಲ್ಲದೆ, ಬಂಡೆಗೂ ಗಾರೆಗೂ ನಡುವೆ ಚಪ್ಪಟೆಯಾಗಿ ಒತ್ತಿಕೊಂಡು, ಕವಲೊಡೆದು, ಬೆರಳು ಚಾಚಿದ ಅಂಗೈಯ ಹಾಗೆ ನಡುಗೋಡೆಯ ಇಟ್ಟಿಗೆಗಳ ಸಂದಿಗೆ ತೂರಿಕೊಂಡಿತ್ತು. ಒಂದೊಂದು ಬೆರಳೂ ಒಂದೊಂದು ಇಟ್ಟಿಗೆಯನ್ನು ಎಬ್ಬಿಸಿತ್ತು. ಸುತ್ತಿಗೆ ತಾಗಿದಲ್ಲಿ ಹಾಲು ಸುರಿಯುತ್ತಿತ್ತು.

“ಸತ್ತಿದೆ ಅಂದಿದ್ದೆಯಲ್ಲೋ,” ಎಂದಳು ಅಕ್ಕ, ಮೆಲ್ಲಗೆ.

“ಸುಳ್ಳು ಹೇಳಿದೆ.” ಮೇಸ್ತ್ರಿಯ ಗಂಟಲಿಗೆ ಧೂಳು ಹಿಡಿದಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ನೆಪ. “ನಾನು ಮೇಲೆ ಹತ್ತಲೇ ಇಲ್ಲ ಅಕ್ಕಾ. ಅರ್ಧದಲ್ಲೇ ಕಾಲು ನಡುಗಿ ಜಾರಿಬಿಟ್ಟೆ. ಕಡಿದೇ ಇಲ್ಲ. ಗೋಡೆ ಮಾಡೋ ದಿನ ತಟ್ಟಿದಾಗಲೂ ಹಸಿ ಅಂತ ಗೊತ್ತಿತ್ತು. ಮುಚ್ಚಿಬಿಟ್ಟೆ. ಆ ಮಿಷನ್ನಿಂದು ಏನೂ ತಪ್ಪಿಲ್ಲ. ಅವನದೂ ಇಲ್ಲ.”

ಅಕ್ಕ ಬೇರನ್ನು ನೋಡಿದಳು, ಧೂಳು ಹಿಡಿದ ಅಂಗಿಗಳನ್ನು ನೋಡಿದಳು, ತಮ್ಮನ ಪ್ಯಾಂಟಿನ ಹಿಂಭಾಗ ನೋಡಿದಳು.

“ಮೊಳೆ,” ಎಂದಳು.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ತಮ್ಮನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಜನರನ್ನು ಸೀಳಿಕೊಂಡು ಹೊರಗೆ ಹೋದಳು. ರಟ್ಟಣ್ಣ ಗಾಡಿಯ ಹಗ್ಗ ಹಿಡಿದುಕೊಂಡು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಅವಳು ಅವನ ಮುಂದೆ ನಿಂತಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಆ ಕಬ್ಬಿಣಾನ ಹೀಗೆ ಬಿಸಿಲಲ್ಲಿ ಯಾಕೋ ನಿಲ್ಲಿಸಿದ್ದೀಯಾ?” ಎಂದಳು ಕೊನೆಗೆ. “ಒಳಗೆ ತಗೊಂಡು ಹೋಗೋ.”

ರಟ್ಟಣ್ಣ ಹಗ್ಗವನ್ನು ಬಿಡಲಿಲ್ಲ. “ನೀವು ಹೋಗಿ ಅಂದ್ರಿ.”

“ಅಂದೆ. ಅನ್ನಬಾರದಿತ್ತು. ಇನ್ನೇನು, ಕಾಲಿಗೆ ಬೀಳಲಾ ನಿನಗೆ? ನಾನು ಎತ್ತಿ ಆಡಿಸಿದವನಿಗೆ?”

“ಬೀಳಬೇಡಿ, ಎಬ್ಬಿಸೋಕೆ ನನ್ನ ಕೈಲಾಗಲ್ಲ.” ಅವನು ಗಾಡಿಗೆ ಒರಗಿದ. ಹಮಾಲರ ಕಡೆ ನೋಡಿದ, ಬಂಡೆಯ ಕಡೆ ನೋಡಿದ, ಆಮೇಲೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಕಡೆ. “ಒಳಗೆ ತಗೊಂಡು ಹೋಗ್ತೀನಿ ಅಕ್ಕಾ. ಮೊದಲು ಅವನು ಹತ್ತಲಿ. ಇಡೀ ಬೀದಿ ನೋಡ್ತಿರಲಿ, ಹತ್ತಲಿ.”

ಮೇಸ್ತ್ರಿ ಹತ್ತಿದ.

ಅದೊಂದು ನೋಟವಾಗಿತ್ತು. ಸೊಂಟಕ್ಕೆ ಗರಗಸ, ಉಪ್ಪಿನ ಗಂಟು, ಸುಣ್ಣದ ಗಂಟು. ಕೆಳಗೆ ಇಡೀ ಬೀದಿ. “ಎಡಗಾಲು! ಅಯ್ಯೋ, ನಿಮ್ಮ ಎಡಗಾಲು ರೀ!” ಎಂದು ಹೆಂಡತಿ. “ಹೊಟ್ಟೆ ಒಳಗೆ ಎಳ್ಕೋ!” ಎಂದು ಯಾರೋ. ಮಾಡಿನ ಮಟ್ಟ ದಾಟಿದ ಮೇಲೆ ಅದೇ ಜಾಗದಲ್ಲಿ ಅದೇ ಮಂಡಿ ನಡುಗಿತು. ಅವನು ಬಂಡೆಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದ. “ಆಗಲ್ಲ ಕಣೋ!” ಎಂದು ಕೂಗಿದ. ಎಲ್ಲರಿಗೂ ಕೇಳುವಂತೆ, ನಾಚಿಕೆ ಬಿಟ್ಟು, “ನನ್ನ ಕೈಲಿ ಆಗಲ್ಲ!” ಎಂದು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಉಸಿರಿನ ಸದ್ದು ಕೇಳಿತು. ರಟ್ಟಣ್ಣ ಹಲ್ಲಿಯ ಹಾಗೆ ಹತ್ತಿ ಬಂದು ಅವನ ಕಾಲನ್ನು ಹಿಡಿದು ಒಂದು ಗುಳಿಯಲ್ಲಿಟ್ಟ. “ಇಲ್ಲಿ. ಈಗ ಇನ್ನೊಂದು. ಇಷ್ಟೇ ಹೇಳೋದಿತ್ತಲ್ಲೋ ನೀನು,” ಎಂದ. ದನಿಯಲ್ಲಿ ಸಲಿಗೆಯಿರಲಿಲ್ಲ. ಆದರೂ ಕಾಲು ಹಿಡಿದಿದ್ದ ಕೈ ಬಿಗಿಯಾಗಿತ್ತು.

ಮೇಲೆ ಕಲ್ಲತ್ತಿ ತನ್ನ ಪಾಡಿಗೆ ತಾನಿತ್ತು. ಸೊಂಟದೆತ್ತರದ ಪೊದೆ, ಮೈತುಂಬಾ ಹಣ್ಣು, ಹಣ್ಣಿಗೆ ಮುತ್ತಿದ್ದ ಹಕ್ಕಿಗಳು ಇವರನ್ನು ಕಂಡು ಭರ್‍ರೆಂದು ಎದ್ದವು. ಬರಿಯ ಕಲ್ಲಿನ ಮೇಲೆ, ಒಂದು ಹಿಡಿ ಮಣ್ಣಿಲ್ಲದೆ. ಮೇಸ್ತ್ರಿ ಅದರ ಪಕ್ಕ ಕೂತು ಏದುಸಿರು ಬಿಟ್ಟ. ಇಡೀ ಪೊದೆಯನ್ನು ಕಡಿಯಲು ಅವನಿಗೆ ಮನಸ್ಸಾಗಲಿಲ್ಲ. ಅದೂ ಏನು ಮಾಡಿತ್ತು ಪಾಪ, ದಾರಿ ಸಿಕ್ಕ ಕಡೆ ಹೋಗಿತ್ತು. ಅಕ್ಕನ ಮನೆಯ ಕಡೆ ಇಳಿದಿದ್ದ ಒಂದು ಬೇರನ್ನು ಮಾತ್ರ ಗರಗಸದಿಂದ ಕೊಯ್ದ. ಹಾಲು ಹರಿದು ಅಂಗೈಗೆ ಅಂಟಿತು. ಈ ಸಲ ಒರೆಸಿಕೊಳ್ಳಲಿಲ್ಲ. ಉಪ್ಪು ತುಂಬಿದ, ಸುಣ್ಣ ತುಂಬಿದ. ರಟ್ಟಣ್ಣ ಪಕ್ಕದಲ್ಲಿ ಕೂತು ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು, “ಥೂ, ಇದನ್ನು ಹೇಗೋ ತಿಂತಿದ್ವಿ?” ಎಂದು ಉಗುಳಿದ. ಮೇಸ್ತ್ರಿ ನಗಲು ನೋಡಿದ. ರಟ್ಟಣ್ಣ ಅವನ ಕಡೆ ನೋಡಲಿಲ್ಲ.

ಮಿಷನ್ ಒಳಗೆ ಹೋಯಿತು. ಮೇಸ್ತ್ರಿ ತಾನೇ ಮುಚ್ಚಿದ ತೂತುಗಳನ್ನು ತಾನೇ ಅಗೆದು ಬೋಲ್ಟು ಕೂರಿಸಿದ. ಅಲುಗಿದ್ದ ಇಟ್ಟಿಗೆಗಳಿಗೆ ಮರದ ಆಸರೆ ಕೊಟ್ಟ. ಆದರೆ ಮೂಲೆಯನ್ನು ಮುಚ್ಚುವಂತಿಲ್ಲ. ಬೇರು ಸಾಯುವ ತನಕ ಕಾಯಬೇಕು. ಹೊಲಿಗೆ ಅಂಗಡಿಯ ಮೂಲೆಯಲ್ಲಿ ಒಡೆದ ಗೋಡೆ ಬಾಯಿ ತೆರೆದುಕೊಂಡಿದೆ. ಒಳಗೆ ಆ ಚಪ್ಪಟೆ ಕೈ. ಹೊಸ ಗಿರಾಕಿಗಳು, “ಇದೇನಮ್ಮಾ ಹೀಗೆ?” ಎಂದು ಕೇಳುತ್ತಾರೆ. ಅಕ್ಕ ಹೊಲಿಗೆಯಿಂದ ಕಣ್ಣೆತ್ತದೆ, “ನನ್ನ ತಮ್ಮ ಮಾಡಿದ್ದು,” ಎನ್ನುತ್ತಾಳೆ. ಮೊದಲು ಹೇಳುತ್ತಿದ್ದ ಮಾತೇ. ಬೀದಿಯ ಜನ ಈಗ ಬರೀ “ಮೇಸ್ತ್ರಿ” ಎಂದು ಕರೆಯುತ್ತಾರೆ. ಅವನು ಓಗೊಡುತ್ತಾನೆ.

ಆಗಾಗ ಕೆಲಸ ಮುಗಿಸಿ ಬಂದು ಮೂಲೆಯಲ್ಲಿ ಮಂಡಿಯೂರುತ್ತಾನೆ. ಆಚೆ ಕೋಣೆಯಲ್ಲಿ ಧಡ್ ಧಡ್ ನಿಲ್ಲುತ್ತದೆ. ಗೋಡೆಯ ಬಿರುಕಿನಾಚೆ ರಟ್ಟಣ್ಣನೂ ಕಿವಿಗೊಟ್ಟಿದ್ದಾನೆಂದು ಅವನಿಗೆ ಗೊತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ.

“ಏನನ್ನುತ್ತೋ?” ಎಂದು ಗೋಡೆಯಾಚೆಯಿಂದ ದನಿ ಬರುತ್ತದೆ.

“ಇನ್ನೂ ಹಸಿ,” ಎನ್ನುತ್ತಾನೆ ಮೇಸ್ತ್ರಿ.

“ಹೂಂ,” ಎನ್ನುತ್ತದೆ ದನಿ. ಮತ್ತೆ ಮಿಷನ್ ಶುರುವಾಗುತ್ತದೆ.